ತೊಗಲು ಕ್ಲಾಸಿನ ಮರಿಯಯ್ಯ

ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ಜಬ್ಬಾರ್ ಸಾಹೇಬರ ಮೋಟಾರು ಕಂಪನಿಗೆ ಏಜೆಂಟನಾಗಿದ್ದ ಮರಿಯಯ್ಯನಿಗೆ ದೇವರು ಧಾರಾಳವಾಗಿ ಕೊಟ್ಟದ್ದು ಎರಡೇ: ಒಂದು ಗಂಟಲು, ಇನ್ನೊಂದು ಕಂಡವರ ಕುಲಗೋತ್ರ ವಿಚಾರಿಸುವ ಹುಚ್ಚು. ಅವನು ಸ್ಟ್ಯಾಂಡಿನಲ್ಲಿ ನಿಂತು "ಪಿರಿಯಾಪಟ್ಣ, ಬೆಟ್ಟದ್‌ಪುರ, ಒಂಟೋಯ್ತು" ಎಂದು ಒಂದು ಸಲ ಕೂಗಿದರೆ ಸಾಕು, ಹೊಳೆಯ ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು ಕೂಡ ತಾವೆಲ್ಲಿಗಾದರೂ ಹೋಗಬೇಕಿತ್ತೇನೋ ಎಂದು ತಲೆಯೆತ್ತುತ್ತಿದ್ದರು. ಅದು ಬರಿಯ ಕೂಗಲ್ಲ. ಅವನು ಹೊರಟಿತು ಎಂದಮೇಲೆ ಬಸ್ಸು ಹೊರಟೇಹೋಗುತ್ತಿತ್ತು. ಒಮ್ಮೆ ಪಿರಿಯಾಪಟ್ಟಣಕ್ಕೆ ವರ್ಗವಾಗಿದ್ದ ಅಮಲ್ದಾರರೊಬ್ಬರು ತಂಬಿಗೆ ಹಿಡಿದು ಬೇಲಿಯ ಮರೆಗೆ ಹೋಗಿದ್ದಾಗ, ಅವರ ಹೆಂಡತಿ ಮಕ್ಕಳು ಒರಳುಕಲ್ಲಿನ ಸಮೇತ ಬಸ್ಸು ಹೊರಟುಹೋಯಿತು. ದೂರು ಜಬ್ಬಾರ್ ಸಾಹೇಬರವರೆಗೂ ಹೋಯಿತು. ಸಾಹೇಬರು ಕರೆಸಿ ಕೇಳಿದರೆ ಮರಿಯಯ್ಯ, "ಅಮಲ್ದಾರ್ರಿಗೊಂದು ಟೈಮು, ಆಳಿಗೊಂದು ಟೈಮು ಅಂತ ಬೋರ್ಡ್ನಾಗೆ ಬರ್ದಿಲ್ವಲ್ಲ ಸಾಹೇಬ್ರೆ" ಎಂದ. ಅಲ್ಲಿಂದಾಚೆಗೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕಿನ ಸರ್ಕಾರಿ ಜನಕ್ಕೆ ಮೇಲಧಿಕಾರಿಗಳಿಗಿಂತ ಮರಿಯಯ್ಯನ ಕೂಗಿನ ಭಯವೇ ಹೆಚ್ಚಾಯಿತು.

ಇಷ್ಟಾದರೂ ಮರಿಯಯ್ಯ ತನ್ನನ್ನು ಬಸ್ಸಿನ ಏಜೆಂಟ್ ಅಂತ ಹೇಳಿಕೊಂಡವನೇ ಅಲ್ಲ. ಯಾರಾದರೂ ಕೇಳಿದರೆ "ನಾವು ರೆವಿನ್ಯೂ ಕ್ಲಾಸ್ನೋರು ಕಣ್ರೀ" ಅನ್ನುತ್ತಿದ್ದ. ಮಾತು ಸುಳ್ಳಲ್ಲ, ಪೂರಾ ನಿಜವೂ ಅಲ್ಲ.

ನಾನು ಹೇಳುತ್ತಿರುವುದು ಎರಡನೇ ಮಹಾಯುದ್ಧದ ಕಾಲದ, ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಕಾಲದ ಮಾತು. ಅದಕ್ಕೆ ಹದಿನೈದು ವರ್ಷ ಹಿಂದೆ, ಮಹಾರಾಜರ ಸರ್ಕಾರ ಕೆಲಸಕ್ಕೆ ಬರುವ ಹೊಸ ಹುಡುಗರಿಗೆ ಕಂದಾಯದ ಕೆಲಸ ಕಲಿಸಲೆಂದು ಹುಣಸೂರಿನಲ್ಲಿ ಒಂದು ತರಬೇತಿ ಕ್ಲಾಸು ತೆರೆಯಿತು. ಪಾಠಕ್ಕೆ ಸಿಕ್ಕ ಕಟ್ಟಡ ಚರ್ಮದ ವ್ಯಾಪಾರಿಯೊಬ್ಬ ಬಿಟ್ಟುಹೋಗಿದ್ದ ಹಳೇ ಗೋದಾಮು. ಗೋಡೆಗೆ ಸುಣ್ಣ ಬಳಿದರು, ಸಾಂಬ್ರಾಣಿ ಹಾಕಿದರು, ಮಹಾರಾಜರ ಪಟ ತೂಗುಹಾಕಿದರು. ವಾಸನೆ ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ. ಊರಿನವರು ಅದಕ್ಕೆ ತೊಗಲು ಕ್ಲಾಸು ಎಂದು ಹೆಸರಿಟ್ಟರು. ಮೈಸೂರಿನಿಂದ ಬಂದ ಬಿ.ಎ. ಪಾಸಾದ ವೆಂಕಟನರಸಯ್ಯ, ಪಿರಿಯಾಪಟ್ಟಣದ ಅಬ್ದುಲ್ ರಹಮಾನ್, ಹೆಗ್ಗಡದೇವನಕೋಟೆ ಕಡೆಯ ದೊಡ್ಡಮಾದಯ್ಯ, ಗಾವಡಗೆರೆಯ ನಮ್ಮ ಮರಿಯಯ್ಯ, ಇನ್ನೂ ಹಲವರು ಅಲ್ಲಿ ಒಂದು ವರ್ಷ ಕೂತು ಖರಾಬು, ತರಿ, ಖುಷ್ಕಿ ಎಂದು ಭೂಮಿಯ ಜಾತಿಗಳನ್ನು ಬಾಯಿಪಾಠ ಮಾಡಿದರು. ಊಟಕ್ಕೆ ಕೂತರೆ ನಾಲ್ಕು ಪಂಕ್ತಿ, ವಾಸನೆಗೆ ಮಾತ್ರ ಒಂದೇ ಪಂಕ್ತಿ. ಅಷ್ಟು ದಿನ ಒಟ್ಟಿಗೆ ಮೂಗು ಮುಚ್ಚಿಕೊಂಡವರ ಸ್ನೇಹ ಸುಲಭವಾಗಿ ಬಿಡುವಂಥದ್ದಲ್ಲ.

ಕೊನೆಯಲ್ಲಿ ಪರೀಕ್ಷೆ. ಒಬ್ಬೊಬ್ಬರಿಗೆ ಒಂದೊಂದು ಹೊಲ ತೋರಿಸಿ, ಅಳೆದುಕೊಂಡು ಬೆಳೆಯ ಅಂದಾಜು ಮಾಡಿಕೊಂಡು ಮಧ್ಯಾಹ್ನದೊಳಗೆ ಬನ್ನಿ ಎಂದರು. ಎಲ್ಲರೂ ಬಂದರು. ಮರಿಯಯ್ಯ ಬಂದದ್ದು ಹೊತ್ತು ಇಳಿದ ಮೇಲೆ, ಮಡಿಲಲ್ಲಿ ಹೊಲದವರು ಕೊಟ್ಟ ಅವರೆಕಾಯಿ ಕಟ್ಟಿಕೊಂಡು.

"ವಿಸ್ತೀರ್ಣ ಎಷ್ಟಯ್ಯಾ?" ಎಂದರು ಪರೀಕ್ಷೆಯ ಅಧಿಕಾರಿ.

"ಒಲ ಚಿಕ್ದೇಯ ಬುದ್ಧಿ. ಆದ್ರೆ ಒಲದ್ ಯಜಮಾನನ ಎರಡ್ನೇ ಮಗಳ್ನ ನಮ್ ಗಾವಡಗೆರೆಗೇ ಕೊಟ್ಟವ್ರೆ. ಅವಳ್ ಮೈದ್ನ ಬೆಟ್ಟದ್‌ಪುರದಾಗವ್ನೆ. ಅವ್ನಿಗೂ ಪಕ್ಕದ್ ಒಲದೋರ್ಗೂ ಮಾತಿಲ್ಲ, ಯಾಕೆ ಅಂದ್ರೆ..."

ಯಾಕೆ ಅನ್ನುವುದನ್ನು ಅಧಿಕಾರಿ ಕೇಳಿಸಿಕೊಳ್ಳಲಿಲ್ಲ. ಸೊನ್ನೆ ಹಾಕಿದರು. ಆ ಕ್ಲಾಸಿನಲ್ಲಿ ನಪಾಸಾದವನು ಮರಿಯಯ್ಯ ಒಬ್ಬನೇ.

ಫಲಿತಾಂಶದ ದಿನ ಪಾಸಾದವರನ್ನೆಲ್ಲ ಗೋದಾಮಿನ ಅಂಗಳದಲ್ಲಿ ನಿಲ್ಲಿಸಿ ಗ್ರೂಪ್ ಫೋಟೊ ತೆಗೆದರು. ಮರಿಯಯ್ಯನಿಗೂ ಒಂದು ಕೆಲಸ ಸಿಕ್ಕಿತು: ಚರ್ಮದ ವಾಸನೆಗೆ ಬರುತ್ತಿದ್ದ ನಾಯಿಗಳು ಫೋಟೊದೊಳಕ್ಕೆ ನುಗ್ಗದಂತೆ ಕಡ್ಡಿ ಹಿಡಿದು ನಿಲ್ಲುವುದು. ನಗುತ್ತಲೇ ನಿಂತ. ಆಮೇಲೆ ಯಾವ ಗೆಳೆಯನ ಮನೆಗೆ ಹೋದರೂ ಬಾಗಿಲ ಮೇಲೆ ಅದೇ ಫೋಟೊ, ಕಟ್ಟು ಹಾಕಿಸಿ, ಕೆಲವರ ಮನೆಯಲ್ಲಿ ಹೂವನ್ನೂ ಮುಡಿಸಿ. ಕೆಲಸ ಹೋದದ್ದಕ್ಕೆ ಅವನು ಅತ್ತವನಲ್ಲ. ಆ ಫೋಟೊದಲ್ಲಿ ತಾನಿಲ್ಲವಲ್ಲ ಅನ್ನುವುದು ಮಾತ್ರ ಹದಿನೈದು ವರ್ಷ ಕಳೆದರೂ ಮುರಿದ ಮುಳ್ಳಿನಂತೆ ಒಳಗೇ ಉಳಿದಿತ್ತು.

ಸರ್ಕಾರಿ ನೌಕರನೆಂದ ಮೇಲೆ ವರ್ಗ ತಪ್ಪಿದ್ದಲ್ಲ, ಆ ಸೀಮೆಯಲ್ಲಿ ಎಲ್ಲಿಂದ ಎಲ್ಲಿಗೆ ವರ್ಗವಾದರೂ ಹುಣಸೂರು ತಪ್ಪಿದ್ದಲ್ಲ. ಮಂಚ, ತೊಟ್ಟಿಲು, ತುಳಸಿಕುಂಡ, ಗಿಣಿಯ ಪಂಜರ ಎಲ್ಲ ಬಸ್ಸಿನ ನೆತ್ತಿ ಏರುವುದು ಮರಿಯಯ್ಯನ ಕಣ್ಣೆದುರಿಗೆ. ಹೀಗಾಗಿ ಯಾರು ಯಾವ ಹೋಬಳಿಗೆ ಶೇಕದಾರನಾದ, ಯಾರ ಹೆಂಡತಿ ಬಾಣಂತಿ, ಯಾರ ಮಗಳು ಮದುವೆಗೆ ಬಂದಿದ್ದಾಳೆ ಎಂಬುದು ಕಚೇರಿಗಿಂತ ಮೊದಲು ಅವನಿಗೆ ಗೊತ್ತು. ಹಂಪಾಪುರದಲ್ಲಿ ಶೇಕದಾರನಾಗಿದ್ದ ದೊಡ್ಡಮಾದಯ್ಯ ಚಳಿಜ್ವರದಲ್ಲಿ ಮಲಗಿದನೆಂದು ಕೋಟೆ ಬಸ್ಸಿನ ಡ್ರೈವರ್ ಬಂದು ಹೇಳಿದರೆ, ಪಿರಿಯಾಪಟ್ಟಣದ ಡ್ರೈವರನ ಬಾಯಲ್ಲಿ ಸುದ್ದಿ ರಹಮಾನನಿಗೆ ಮುಟ್ಟಿ, ಅವನು ಕಳಿಸಿದ ಕ್ವಿನೈನು ಮರುದಿನ ಹಂಪಾಪುರ ಸೇರುತ್ತಿತ್ತು. ದೊಡ್ಡಮಾದಯ್ಯ ಬದುಕಿಕೊಂಡದ್ದೇ ಹಾಗೆ.

ಎಲ್ಲವೂ ಇಂಥ ಪುಣ್ಯದ ಕೆಲಸವೇ ಎಂದುಕೊಳ್ಳಬೇಡಿ. ಮೇಲಿನ ಸಾಹೇಬರು ಹೇಳದೆ ಕೇಳದೆ ತನಿಖೆಗೆ ಹೊರಟರೆ ಮರಿಯಯ್ಯ ಡ್ರೈವರಿಗೆ "ಅತ್ತೆ ಬತ್ತಾವ್ಳೆ ಅಂತ ಏಳ್ಬುಡು" ಎಂದು ಹೇಳಿ ಕಳಿಸುತ್ತಿದ್ದ. ಸಾಹೇಬರು ಮುಟ್ಟುವಷ್ಟರಲ್ಲಿ ಶೇಕದಾರ ಕಚೇರಿಯ ಧೂಳು ಕೊಡವಿ, ಮಧ್ಯಾಹ್ನದ ನಿದ್ದೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ದುಡಿಯುತ್ತ ಕೂತಿರುತ್ತಿದ್ದ. ನಾಲ್ಕು ತಾಲ್ಲೂಕಿನ ಆಡಳಿತ ಬಹಳ ಚೊಕ್ಕಟವಾಗಿದೆಯೆಂದು ಮೈಸೂರಿನಲ್ಲಿ ಹೆಸರಾಯಿತು.

ಹೀಗಿರಲಾಗಿ ವೆಂಕಟನರಸಯ್ಯನವರು ಹುಣಸೂರಿಗೇ ಅಮಲ್ದಾರರಾಗಿ ಬಂದರು. ಮರಿಯಯ್ಯನ ತಲೆಯಲ್ಲಿ ಎಷ್ಟೋ ದಿನದಿಂದ ಗುಂಯ್‌ಗುಡುತ್ತಿದ್ದ ಹುಳ ಅಂದು ರೆಕ್ಕೆ ಬಿಚ್ಚಿತು. ತೊಗಲು ಕ್ಲಾಸಿನವರನ್ನೆಲ್ಲ ಒಂದು ದಿನ ಸೇರಿಸಬೇಕು, ಹಳೇ ವಿದ್ಯಾರ್ಥಿಗಳ ಸಂಘ ಅಂತ ಕಟ್ಟಬೇಕು, ಕಟ್ಟಿದ ಮೇಲೆ ಒಂದು ಹೊಸ ಫೋಟೊ ತೆಗೆಸಬೇಕು. ಹೆಂಡತಿ ಚಿಕ್ಕಬಸಮ್ಮನ ಹತ್ತಿರ ಮಾತ್ರ ಗುಟ್ಟು ಬಿಟ್ಟುಕೊಟ್ಟ.

"ಸಂಘ ಗಿಂಘ ಎಲ್ಲ ನೆಪ ಕಣಮ್ಮಿ. ಅವ್ರ ಜೊತೇಲಿ ಒಂದ್ ಫೋಟೋದಾಗೆ ನಿಂತ್ಕಂಡ್ರೆ ಸಾಕು ನಂಗೆ."

"ಅದ್ಕೆ ನಾಕ್ ತಾಲ್ಲೂಕ್ನೋರ್ಗೆ ಊಟ ಆಕ್ಬೇಕಾ?" ಎಂದಳು ಚಿಕ್ಕಬಸಮ್ಮ. "ಊರಿಗೆ ಉಪಕಾರಿ, ಮನೆಗೆ ಮಾರಿ." ಹೀಗೆ ಅಂದವಳೇ ಅವನ ಹಳೇ ಕರೀ ಕೋಟನ್ನು ಹೊರಗೆ ತೆಗೆದು, ತಂಬಿಗೆಗೆ ಕೆಂಡ ತುಂಬಿ ಇಸ್ತ್ರಿ ಮಾಡಲು ಕೂತಳು.

ವೆಂಕಟನರಸಯ್ಯನವರಿಗೆ ವಿಚಾರ ಹಿಡಿಸಿತು. ಅಧ್ಯಕ್ಷರು ತಾವೇ ಅಂತ ಮರಿಯಯ್ಯ ಬಾಯಿಬಿಡುವುದಕ್ಕೆ ಮೊದಲೇ ಒಪ್ಪಿಕೊಂಡರು. ಆದರೆ ಎಲ್ಲವೂ ಕ್ರಮವಾಗಿ ನಡೆಯಬೇಕೆಂದು ಆಹ್ವಾನವನ್ನು ಕಚೇರಿಯ ಕಾಗದದಲ್ಲಿ ಬರೆಸಿ ಕಳಿಸಿದರು. ನಮ್ಮ ಸರ್ಕಾರಿ ಜನ ಕಾಗದ ಕಂಡರೆ ಓದುವುದಿಲ್ಲ, ಷರಾ ಬರೆಯುತ್ತಾರೆ. ಹಂಪಾಪುರಕ್ಕೆ ಹೋದ ಆಹ್ವಾನಕ್ಕೆ ದೊಡ್ಡಮಾದಯ್ಯ "ನೋಡಿದೆ" ಎಂದು ಬರೆದು ಕೋಟೆಗೆ ಕಳಿಸಿದ. ಕೋಟೆಯವರು "ಮುಂದಿನ ಕ್ರಮಕ್ಕಾಗಿ" ಎಂದು ಬರೆದು ಹುಣಸೂರಿಗೇ ಕಳಿಸಿದರು. ಕೊನೆಗೆ ಅದು ವೆಂಕಟನರಸಯ್ಯನವರ ಮೇಜಿಗೇ ಬಂದು ಬಿತ್ತು. ಅವರೂ ಅಭ್ಯಾಸಬಲದಿಂದ ಸಹಿ ಹಾಕಿ ಕಡತಕ್ಕೆ ಸೇರಿಸಿದರು. ಊಟಕ್ಕೆ ಬನ್ನಿ ಅಂದದ್ದು ಒಬ್ಬರಿಗೂ ಗೊತ್ತಾಗಲಿಲ್ಲ.

ಮರಿಯಯ್ಯ ಸುಮ್ಮನೆ ನಾಲ್ಕು ಜನ ಡ್ರೈವರುಗಳನ್ನು ಕರೆದು, "ಬರೋ ಭಾನ್ವಾರ ಎಲ್ರೂ ತೊಗಲು ಕ್ಲಾಸ್ಗೆ ಬರ್ಬೇಕಂತೆ. ಬರ್ದಿದ್ರೆ ಇನ್ಮ್ಯಾಲೆ ಅತ್ತೆ ಸುದ್ದಿ ಬರಾಕಿಲ್ಲ ಅಂತ ಏಳ್ಬುಡಿ" ಎಂದ. ಒಬ್ಬರೂ ತಪ್ಪಿಸಲಿಲ್ಲ.

ಆ ಗೋದಾಮು ಈಗ ಜಬ್ಬಾರ್ ಸಾಹೇಬರ ಬಸ್ಸು ನಿಲ್ಲಿಸುವ ಶೆಡ್ಡು. ಅದರ ಅಂಗಳಕ್ಕೂ ಬಸ್ ಸ್ಟ್ಯಾಂಡಿಗೂ ನಡುವೆ ಮೊಳಕಾಲೆತ್ತರದ ಗೋಡೆಯಷ್ಟೆ. ಮರಿಯಯ್ಯ ಬೆಳಿಗ್ಗೆಯೇ ಶೆಡ್ಡು ಗುಡಿಸಿ, ಹಿಂದುಗಡೆ ಜಾತಿಗೊಂದರಂತೆ ಒಲೆ ಹೂಡಿಸಿ, ಕರೀ ಕೋಟು ತೊಟ್ಟು, ಜರಿಯಂಚಿನ ಪೇಟ ಸುತ್ತಿ ನಿಂತಿದ್ದ. ಬಂದವರೆಲ್ಲ ಬಾಗಿಲಲ್ಲೇ ಮೂಗು ಮುಚ್ಚಿಕೊಂಡು, ಆಮೇಲೆ ನಕ್ಕು, ಒಬ್ಬರನ್ನೊಬ್ಬರು ತಬ್ಬಿಕೊಂಡರು. ಹದಿನೈದು ವರ್ಷವಾದರೂ ವಾಸನೆ ಹೋಗಿರಲಿಲ್ಲ.

ನಗು ನಿಂತದ್ದು ಕೂರುವಾಗ. ಮರಿಯಯ್ಯ ಬೆಂಚುಗಳನ್ನು ಸುತ್ತಲೂ ದುಂಡಗೆ ಇಡಿಸಿದ್ದ, ಹಳೇ ಸ್ನೇಹಿತರಲ್ಲವೇ ಎಂದು. ಆದರೆ ದುಂಡಗಿನ ಸಾಲಿನಲ್ಲಿ ಮೇಲೆ ಯಾವುದು ಕೆಳಗೆ ಯಾವುದು? ಸರ್ಕಾರಿ ನೌಕರ ಹೊಟ್ಟೆಗಿಲ್ಲದಿದ್ದರೂ ತಡೆದಾನು, ತನಗಿಂತ ಜೂನಿಯರ್ ಆದವನ ಕೆಳಗೆ ಕೂರಲಾರ. ಇಬ್ಬರು ಶೇಕದಾರರು ಒಂದೇ ದಿನ ಖಾಯಂ ಆದವರು. ಇಬ್ಬರೂ ಒಂದೇ ಜಾಗದ ಮುಂದೆ ನಿಂತು ನೀವು ಕೂತ್ಕೊಳ್ಳಿ ನೀವು ಕೂತ್ಕೊಳ್ಳಿ ಎನ್ನುತ್ತ ಒಬ್ಬರೂ ಬಿಟ್ಟುಕೊಡಲಿಲ್ಲ. ಬೆಂಚುಗಳನ್ನು ಎಳೆದಾಡಿ ಸಾಲು ಮಾಡಿ, ಅಮಲ್ದಾರರಿಗೊಂದು ಕುರ್ಚಿ ಹಾಕಿದ ಮೇಲೆ ಎಲ್ಲರಿಗೂ ಉಸಿರು ಬಂತು.

ವೆಂಕಟನರಸಯ್ಯನವರು ಸಂಘದ ನಿಯಮಾವಳಿ ತಂದಿದ್ದರು. ತಂದದ್ದೇನು, ಮೈಸೂರಿನ ಯಾವುದೋ ಪದವೀಧರರ ಸಂಘದ ನಿಯಮಗಳನ್ನು ತರಿಸಿ ಹೆಸರು ಮಾತ್ರ ಬದಲಾಯಿಸಿದ್ದರು. ಹಿಂದೆ ಎಲ್ಲಿಯಾದರೂ ನಡೆಯದ ಕೆಲಸವನ್ನು ಈಗ ಮಾಡುವುದೆಂದರೆ ನಮ್ಮವರಿಗೆ ಮೈ ನಡುಕ. ಒಂದೊಂದೇ ನಿಯಮ ಓದಿ, "ಒಪ್ಪಿಗೆಯಿರುವವರು ಕೈ ಎತ್ತಿ" ಎನ್ನುತ್ತಿದ್ದರು. ಅಮಲ್ದಾರರು ಕೈ ಎತ್ತಿ ಎಂದಮೇಲೆ ಮಾತೇನು? ಅವರು ಏನು ಓದಿದರೆಂದು ಯಾರೂ ಕೇಳಿಸಿಕೊಳ್ಳಲಿಲ್ಲ. ಕೈಗಳು ತಾವಾಗಿಯೇ ಎದ್ದವು, ಇಳಿದವು. ಬಾಗಿಲ ಬಳಿ ನಿಂತಿದ್ದ ಮರಿಯಯ್ಯನಿಗೆ ಹಿಂದಿನ ಒಲೆಯ ಸಾರು ಉಕ್ಕೀತೆಂಬ ಯೋಚನೆ. ಅವನ ಕೈಯೂ ಎಲ್ಲರ ಜೊತೆಗೆ ಎದ್ದು ಇಳಿಯುತ್ತಿತ್ತು.

ನಿಯಮ ಮುಗಿದು ಪದಾಧಿಕಾರಿಗಳ ಮಾತು ಬಂತು. ಅಬ್ದುಲ್ ರಹಮಾನ್ ಎದ್ದು, "ಸೆಕ್ರೆಟರಿ ಯಾರು ಅಂತ ಕೇಳೋದೇ ಬೇಡ. ಹದಿನೈದು ವರ್ಷದಿಂದ ಈ ಕೆಲ್ಸ ಮಾಡ್ತಾ ಇರೋದು ಮರಿಯಯ್ಯ. ಅವನ ಹೆಸ್ರು ಬರ್ಕೊಳ್ಳಿ" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಮರಿಯಯ್ಯ ಪೇಟ ಸರಿಮಾಡಿಕೊಂಡ. ವೆಂಕಟನರಸಯ್ಯನವರು ಬರೆಯಲು ಹೋದವರು ಲೇಖನಿಯನ್ನು ಹಾಗೇ ಹಿಡಿದುಕೊಂಡರು.

"ಒಂದು ತೊಡಕಿದೆಯಲ್ಲ. ಪರೀಕ್ಷೆಯಲ್ಲಿ ತೇರ್ಗಡೆಯಾದವರು ಮಾತ್ರ ಸದಸ್ಯರು ಅಂತ ಮೂರನೇ ನಿಯಮ. ಮರಿಯಯ್ಯನವರು..." ಎಂದು ನಿಲ್ಲಿಸಿದರು.

ದೊಡ್ಡಮಾದಯ್ಯನೇ ಮೊದಲು ಬಾಯಿಬಿಟ್ಟ. "ಅಂಗಾದ್ರೆ ಆ ನಿಯಮ ಒಡ್ದಾಕ್ಬುಡಿ ಸ್ವಾಮಿ."

"ಅಂಗೀಕಾರವಾದ ನಿಯಮ ತೆಗೀಬೇಕಾದ್ರೆ ಮುಂದಿನ ವಾರ್ಷಿಕ ಸಭೆಯಲ್ಲೇ ತೆಗೀಬೇಕು, ಅದೂ ಒಂದು ನಿಯಮ. ಅದಕ್ಕೂ ಕೈ ಎತ್ತಿದೀರಿ. ಎರಡೂ ಸರ್ವಾನುಮತ." ವೆಂಕಟನರಸಯ್ಯನವರ ದನಿ ಇಳಿಯಿತು. ಕೆಟ್ಟ ಮನುಷ್ಯರಲ್ಲ ಅವರು. ಸಂಕಟ ಮುಖದಲ್ಲಿ ಕಾಣುತ್ತಿತ್ತು. "ನೀವೂ ಕೈ ಎತ್ತಿದ್ರಿ ಮರಿಯಯ್ಯನೋರೆ. ನಾನೇ ನೋಡಿದೆ."

ಎಲ್ಲರೂ ನೆಲ ನೋಡುತ್ತ ಕೂತರು. ಬಡವನ ಹೊಲದ ಗಡಿಯನ್ನು ಎರಡು ಗೇಣು ಆಚೀಚೆ ಸರಿಸಬಲ್ಲ ಶೂರರು ಅಷ್ಟು ಜನ ಅಲ್ಲಿದ್ದರು. ಒಂದು ಸಾಲು ಹೊಡೆದುಹಾಕುವ ಧೈರ್ಯ ಒಬ್ಬನಿಗೂ ಬರಲಿಲ್ಲ. ಫೋಟೊದ ಗತಿಯೇನೆಂದು ಯಾರೋ ಕೇಳಿದರು. ಸಂಘದ ಫೋಟೊ ಎಂದ ಮೇಲೆ ಸದಸ್ಯರದ್ದೇ ಎಂದು ಇನ್ನಾರೋ ಗೊಣಗಿದರು.

"ಅದ್ಕೇನಂತೆ ಬುಡಿ," ಎಂದ ಮರಿಯಯ್ಯ. "ಬಸ್ಗೆ ಇದ್ಲು ತುಂಬುಸ್ಬೇಕು, ಬತ್ತೀನಿ." ಹೇಳಿ ಗೋಡೆ ದಾಟಿ ಸ್ಟ್ಯಾಂಡಿಗೆ ನಡೆದ. ಕಣ್ಣು ಮಂಜಾಗಿತ್ತು, ಎಡವಿದ. ಊಟಕ್ಕೂ ಹೋಗಲಿಲ್ಲ.

ಊಟವಾದ ಮೇಲೆ ಮೈಸೂರಿನಿಂದ ಕರೆಸಿದ್ದ ಫೋಟೊಗ್ರಾಫರ್ ಅಂಗಳದಲ್ಲಿ ಮುಕ್ಕಾಲಿಯ ಮೇಲೆ ಕ್ಯಾಮರಾ ನಿಲ್ಲಿಸಿದ. ಯುದ್ಧದ ದೆಸೆಯಿಂದ ಫೋಟೊದ ಗಾಜಿನ ಪ್ಲೇಟು ಸಿಗದೆ ಅವನು ತಂದಿದ್ದುದು ಒಂದೇ; ಯಾರೂ ಅಲುಗಬಾರದೆಂದು ಹತ್ತು ಸಲ ಹೇಳಿದ. ನಡುವೆ ಅಮಲ್ದಾರರು, ಅಕ್ಕಪಕ್ಕ ಶೇಕದಾರರು, ಹಿಂದೆ ಗುಮಾಸ್ತರು. ಸ್ಟ್ಯಾಂಡಿನಲ್ಲಿ ಮರಿಯಯ್ಯ ಕೋಟು ಬಿಚ್ಚಿ ಸಾಮಾನಿನ ಮೇಲೆ ಎಸೆದು ನಿಂತಿದ್ದ. ಚಿಕ್ಕಬಸಮ್ಮ ಎಲೆಯಲ್ಲಿ ಮುದ್ದೆ ಹಿಡಿದು ಬಂದಳು, ಅವನು ಮುಟ್ಟಲಿಲ್ಲ.

"ಒಳೆ ದಾಟಿದ್ ಮ್ಯಾಲೆ ಅಂಬಿಗ ಮಿಂಡ," ಎಂದಳು ಅವಳು ಅಂಗಳದ ಕಡೆ ನೋಡುತ್ತ. "ಅಕೋ, ನಾಯಿ ನುಗ್ತಾ ಅದೆ. ಅದನ್ನ ಓಡ್ಸಾಕಾದ್ರೂ ಕರೀತಾರೇನೋ ನೋಡಿ."

ನಾಯಿ ನಿಜವಾಗಿಯೂ ಬಂದಿತ್ತು. ಬಂದು ಅಮಲ್ದಾರರ ಕಾಲ ಬಳಿ ಕೂತಿತು. ಅಲುಗಬಾರದೆಂದು ಹೇಳಿದ್ದರಿಂದ ಯಾರೂ ಓಡಿಸಲಿಲ್ಲ. ಫೋಟೊಗ್ರಾಫರ್ ಕರೀ ಬಟ್ಟೆಯಿಂದ ತಲೆ ಹೊರಗೆ ತೆಗೆದು, ಅದುಮಿದರೆ ಫೋಟೊ ಬೀಳುವ ರಬ್ಬರಿನ ಉಂಡೆ ಕೈಯಲ್ಲಿ ಹಿಡಿದ. ಎಲ್ಲರೂ ಉಸಿರು ಬಿಗಿಹಿಡಿದರು. ಪಿರಿಯಾಪಟ್ಟಣದ ಬಸ್ಸಿಗೆ ಇನ್ನೂ ಬೆಂಕಿಯೇ ಹಾಕಿರಲಿಲ್ಲ. ಇದ್ದಿಲು ಹೊತ್ತಿಕೊಂಡು ಗ್ಯಾಸು ಬರಬೇಕಾದರೆ ಇನ್ನೂ ಒಂದು ಗಳಿಗೆ ಬೇಕು. ಇದು ಮರಿಯಯ್ಯನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಎದೆ ತುಂಬ ಗಾಳಿ ಎಳೆದುಕೊಂಡ. ಹದಿನೈದು ವರ್ಷದ ಹಿಂದೆ ನಾಯಿ ಓಡಿಸಲು ನಿಂತವನ ಸಿಟ್ಟನ್ನೆಲ್ಲ ಗಂಟಲಿಗೆ ತಂದುಕೊಂಡ.

"ಪಿರಿಯಾಪಟ್ಣ, ಬೆಟ್ಟದ್‌ಪುರ, ಕೋಟೆ, ಅಂಪಾಪುರ, ಕೆ.ಆರ್. ನಗರ, ಎಲ್ಲಾ ಒಂಟೋಯ್ತು."

ಅಂಥ ಕೂಗು ಹುಣಸೂರು ಹಿಂದೆ ಕೇಳಿರಲಿಲ್ಲ. ಅಷ್ಟೂ ತಲೆಗಳು ಸರಕ್ಕನೆ ಸ್ಟ್ಯಾಂಡಿನ ಕಡೆ ತಿರುಗಿದವು. ಬೆಚ್ಚಿಬಿದ್ದ ಫೋಟೊಗ್ರಾಫರ್ ಉಂಡೆ ಅದುಮಿಬಿಟ್ಟ. ಮರುಗಳಿಗೆಯಲ್ಲಿ ಸಂಘಕ್ಕೆ ಸಂಘವೇ ಪಂಚೆ ಎತ್ತಿಕೊಂಡು ಗೋಡೆ ಹಾರಿ ಬಸ್ಸುಗಳ ಕಡೆ ಓಡಿತು. ಸೀನಿಯರ್ ಯಾರು ಜೂನಿಯರ್ ಯಾರು ಎಂದು ಯಾರೂ ನೋಡಲಿಲ್ಲ. ಹತ್ತಿ ಕೂತ ಮೇಲೆ ನೋಡಿದರೆ ಯಾವ ಬಸ್ಸಿಗೂ ಬೆಂಕಿಯಿಲ್ಲ. ಪಿರಿಯಾಪಟ್ಟಣದ ಬಸ್ಸಿನ ಮುಂದಿನ ಸೀಟಿನಲ್ಲಿ ವೆಂಕಟನರಸಯ್ಯನವರು ಏದುಸಿರು ಬಿಡುತ್ತ ಕೂತಿದ್ದರು. ಅವರ ಮನೆ ಹುಣಸೂರಿನಲ್ಲೇ, ಎದುರು ಬೀದಿ. ಅದು ನೆನಪಾಗಿ ಮೆಲ್ಲಗೆ ಇಳಿದು, ಯಾರ ಮುಖವನ್ನೂ ನೋಡದೆ ಹೊರಟುಹೋದರು. ಒಬ್ಬರೂ ಮರಿಯಯ್ಯನನ್ನು ಬೈಯಲಿಲ್ಲ.

ಮೂರನೇ ನಿಯಮವನ್ನು ಯಾರೂ ತೆಗೆಯಲಿಲ್ಲ. ತೆಗೆಯಬೇಕಾದರೆ ವಾರ್ಷಿಕ ಸಭೆ ಸೇರಬೇಕು, ಸಭೆಗೆ ಕಾಗದ ಕಳಿಸಿದರೆ ಷರಾ ಬರೆಸಿಕೊಂಡು ವಾಪಸ್ ಬರುತ್ತದೆ, ಬಾಯಲ್ಲಿ ಹೇಳಿ ಕಳಿಸಬಲ್ಲವನು ಸದಸ್ಯನಲ್ಲ. ಚಳಿಜ್ವರ, ಬಾಣಂತನ, ಅತ್ತೆಯ ಸುದ್ದಿ ಮಾತ್ರ ಎಂದಿನಂತೆ ಬಸ್ಸಿನಲ್ಲಿ ಓಡಾಡುತ್ತಲೇ ಇದ್ದವು.

ಫೋಟೊ ಬಂತು. ಬೇರೆ ಇಲ್ಲದ್ದರಿಂದ ಎಲ್ಲರೂ ಅದನ್ನೇ ಕಟ್ಟು ಹಾಕಿಸಿ ಹಳೆಯದರ ಪಕ್ಕ ತೂಗುಹಾಕಿದರು. ಮರಿಯಯ್ಯನಿಗೆ ಸೇರಬೇಕಾದ ಪ್ರತಿಯೇನೂ ಇರಲಿಲ್ಲ. ರಹಮಾನ್ ತನ್ನದನ್ನೇ ಡ್ರೈವರನ ಕೈಯಲ್ಲಿ ಕಳಿಸಿದ್ದ. ಜೊತೆಗೆ ಬಾಯಿಮಾತೂ ಬಂದಿತ್ತು, ಡ್ರೈವರ್ ಅದನ್ನು ಒಪ್ಪಿಸಿದ: "ಮನೆಗ್ ಬಂದೋರೆಲ್ಲ ಕೇಳ್ತಾರಂತೆ ಅಣ್ಣಯ್ಯ, ಇಷ್ಟ್ ದೊಡ್ ದೊಡ್ ಮನುಷ್ರು ಎಲ್ರೂ ಯಾರ್ನ ನೋಡ್ತಾವ್ರೆ ಅಂತ. ಏಳಿ ಏಳಿ ಸಾಕಾಗೋಯ್ತಂತೆ ರಹಮಾನ್ ಸಾಹೇಬ್ರಿಗೆ."

ಬೈಗುಳ ಬಂದಿದೆಯೆಂದುಕೊಂಡೇ ಮರಿಯಯ್ಯ ಫೋಟೊಗೆ ಸುತ್ತಿದ್ದ ಕಾಗದ ಬಿಚ್ಚಿದ. ಕ್ಯಾಮರಾವನ್ನು ನೆಟ್ಟಗೆ ನೋಡುತ್ತಿದ್ದುದು ನಾಯಿ ಒಂದೇ. ಅಮಲ್ದಾರರು, ಶೇಕದಾರರು, ಗುಮಾಸ್ತರು, ಒಬ್ಬರೂ ಬಿಡದೆ ಕತ್ತು ತಿರುಗಿಸಿ, ಕಣ್ಣರಳಿಸಿ, ಫೋಟೊದಿಂದಾಚೆ ಒಂದೇ ಕಡೆ ನೋಡುತ್ತಿದ್ದರು. ಚಿಕ್ಕಬಸಮ್ಮ ಅವನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಇದೇನ್ರೀ, ಎಲ್ರೂ ನಿಮ್ಮನ್ನೇ ನೋಡ್ತಾವ್ರಲ್ಲ," ಎಂದಳು.

ಮರಿಯಯ್ಯ ಏನೋ ಹೇಳಲು ಹೋದ, ಗಂಟಲು ಕಟ್ಟಿಕೊಂಡು ದನಿಯೇ ಹೊರಡಲಿಲ್ಲ. ಅಂದು ಸಂಜೆ ಪಿರಿಯಾಪಟ್ಟಣದ ಬಸ್ಸು ಕೂಗಿಲ್ಲದೆ ಹೊರಟಿತು, ಅರ್ಧ ಜನ ಸ್ಟ್ಯಾಂಡಿನಲ್ಲೇ ಉಳಿದುಕೊಂಡರು.